ವಿದ್ಯುತ್ ಸ್ಪಂದಗಳ ಉತ್ಪಾದನೆ ಮತ್ತು ನಿಯಂತ್ರಣ: ಸೌರ ಬೇಲಿಯ ಮಂಡಲವನ್ನು ಆಧರಿಸಿದ ವಿವೇಚನೆ

ಪೀಠಿಕೆ

ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟಗಳ ಅಂಚಿನ ಹೊಲಗಳಲ್ಲಿ, ಕೊಡಗು ಮತ್ತು ಹಾಸನ ಜಿಲ್ಲೆಗಳ ಕಾಫಿ ತೋಟಗಳ ಸುತ್ತ, ಕಂಬದಿಂದ ಕಂಬಕ್ಕೆ ಬಿಗಿದ ನಾಲ್ಕೈದು ಎಳೆ ಉಕ್ಕಿನ ತಂತಿ ಇಂದು ಪರಿಚಿತ ದೃಶ್ಯವಾಗಿದೆ. ಜನರ ಬಾಯಲ್ಲಿ ಇದು ಸೋಲಾರ್ ಬೇಲಿ. ಕೆಲವೆಡೆ ಐಬೆಕ್ಸ್ ಬೇಲಿ. ಈ ತಂತಿಯಲ್ಲಿ ಸೆಕೆಂಡಿಗೊಮ್ಮೆ ಐದಾರು ಸಾವಿರ ವೋಲ್ಟಿನ ಸ್ಪಂದವೊಂದು ಹಾದುಹೋಗುತ್ತದೆ. ತಾಗಿದ ಆನೆ ನೋವಿನಿಂದ ಹಿಂದೆ ಸರಿಯುತ್ತದೆಯೇ ಹೊರತು ಸಾಯುವುದಿಲ್ಲ. ಇಂಥದೇ ತಂತಿಗೆ ಪಂಪ್‌ಸೆಟ್ಟಿನ ಅಥವಾ ಮನೆಯ 230 ವೋಲ್ಟಿನ ವಿದ್ಯುತ್ತನ್ನು ನೇರವಾಗಿ ಜೋಡಿಸಿದರೆ ಆನೆಯೂ ಉಳಿಯದು, ಕತ್ತಲಲ್ಲಿ ಅದನ್ನು ಮುಟ್ಟಿದ ರೈತನೂ ಉಳಿಯನು.

ಐದು ಸಾವಿರ ವೋಲ್ಟ್ ಕೊಲ್ಲದೆ ಬಿಡುವುದೇಕೆ, 230 ವೋಲ್ಟ್ ಕೊಲ್ಲುವುದೇಕೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಒಗಟಿನಂತಿದೆ. ಬಹುಮಂದಿ ಇದಕ್ಕೆ ಕೊಡುವ ಉತ್ತರ, ಒಂದು ಬಿಸಿಲಿನ ವಿದ್ಯುತ್, ಇನ್ನೊಂದು ಲೈನಿನ ವಿದ್ಯುತ್ ಎಂಬುದು. ಈ ಉತ್ತರ ತಪ್ಪು. ಅಷ್ಟೇ ಅಲ್ಲ, ಅಪಾಯಕಾರಿ. ಸೌರ ಫಲಕದ ಸ್ಥಾನದಲ್ಲಿ ಲೈನಿನ ವಿದ್ಯುತ್ತನ್ನೇ ಬಳಸಿ ನಡೆಯುವ ಸುರಕ್ಷಿತ ಬೇಲಿಗಳು ಪ್ರಪಂಚದಾದ್ಯಂತ ಇವೆ. ಸುರಕ್ಷತೆಯ ಮೂಲ ಸೂರ್ಯನಲ್ಲಿಲ್ಲ. ಫಲಕಕ್ಕೂ ತಂತಿಗೂ ನಡುವೆ ಇರುವ ಸಣ್ಣ ಪೆಟ್ಟಿಗೆಯೊಳಗಿನ ಸ್ಪಂದ ಮಂಡಲದಲ್ಲಿದೆ.

ದೇಶದಲ್ಲಿ ಅತಿ ಹೆಚ್ಚು ಆನೆಗಳಿರುವ ರಾಜ್ಯ ಕರ್ನಾಟಕ; 2023ರ ಗಣತಿಯ ಅಂದಾಜಿನಂತೆ ಇವುಗಳ ಸಂಖ್ಯೆ 6,395. ಆನೆಗಳ ಅಸ್ವಾಭಾವಿಕ ಸಾವುಗಳ ಕಾರಣಗಳಲ್ಲಿ ವಿದ್ಯುದಾಘಾತ ದೇಶದಾದ್ಯಂತ ಮುಂಚೂಣಿಯಲ್ಲಿದೆ. ಆದ್ದರಿಂದ ವಿದ್ಯುತ್ ಸ್ಪಂದವನ್ನು ಉಂಟುಮಾಡುವ ಮತ್ತು ಹಿಡಿತದಲ್ಲಿಡುವ ಮಂಡಲಗಳ ಅಧ್ಯಯನ ನಮ್ಮ ನಾಡಿಗೆ ಪ್ರಯೋಗಶಾಲೆಯ ವಿಷಯ ಮಾತ್ರವಲ್ಲ. ಪ್ರಸ್ತುತ ಲೇಖನದಲ್ಲಿ ಸ್ಪಂದೋತ್ಪಾದನೆಯ ಸಾಮಾನ್ಯ ತತ್ತ್ವವನ್ನೂ ಅದರ ಬೆಳವಣಿಗೆಯನ್ನೂ ಸಂಕ್ಷೇಪವಾಗಿ ನಿರೂಪಿಸಿ, ಬೇಲಿಯ ಮಂಡಲವನ್ನು ನಿದರ್ಶನವಾಗಿಟ್ಟುಕೊಂಡು ಅದರ ಪ್ರತಿಯೊಂದು ಭಾಗವೂ ಯಾವ ಮಿತಿಯನ್ನು ಕಾಯುತ್ತದೆ ಎಂಬುದನ್ನು ವಿವೇಚಿಸಲಾಗಿದೆ.

ಸ್ಪಂದದ ಮೂಲತತ್ತ್ವ

ಭೌತವಿಜ್ಞಾನದಲ್ಲಿ ಶಕ್ತಿ ಮತ್ತು ಸಾಮರ್ಥ್ಯ ಎಂಬ ಪದಗಳಿಗೆ ಬೇರೆ ಬೇರೆ ಅರ್ಥಗಳಿವೆ. ಶಕ್ತಿಯನ್ನು ಜೂಲ್‌ಗಳಲ್ಲಿ ಅಳೆಯುತ್ತೇವೆ. ಒಂದು ಸೆಕೆಂಡಿನಲ್ಲಿ ಎಷ್ಟು ಶಕ್ತಿ ವರ್ಗಾವಣೆಯಾಯಿತು ಎಂಬುದೇ ಸಾಮರ್ಥ್ಯ, ಅದರ ಮಾನ ವ್ಯಾಟ್. ಐದು ವ್ಯಾಟಿನ ಸಣ್ಣ ದೀಪವೊಂದು ಸೆಕೆಂಡಿಗೆ ಐದು ಜೂಲ್ ಶಕ್ತಿಯನ್ನು ಬಳಸುತ್ತದೆ. ಅದೇ ಐದು ಜೂಲನ್ನು ಒಂದು ಸೆಕೆಂಡಿನುದ್ದಕ್ಕೂ ಕೂಡಿಟ್ಟು, ಆಮೇಲೆ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಷ್ಟು ಕಾಲದಲ್ಲಿ ಒಮ್ಮೆಗೇ ಹರಿಯಬಿಟ್ಟರೆ ಆ ಕ್ಷಣದ ಸರಾಸರಿ ಸಾಮರ್ಥ್ಯ 50,000 ವ್ಯಾಟ್ ಆಗುತ್ತದೆ. ಶಕ್ತಿ ಹೆಚ್ಚಿಲ್ಲ, ಕಾಲ ಕುಗ್ಗಿದೆ. ನಿಧಾನವಾಗಿ ತುಂಬಿಸಿ ವೇಗವಾಗಿ ಖಾಲಿ ಮಾಡುವ ಈ ಕ್ರಮವೇ ಎಲ್ಲ ಸ್ಪಂದ ಮಂಡಲಗಳ ತಿರುಳು.

ಇದಕ್ಕೆ ನಾಲ್ಕು ಅಂಗಗಳು ಬೇಕು. ಮೊದಲನೆಯದು ಶಕ್ತಿಯನ್ನು ಸಣ್ಣ ಪ್ರಮಾಣದಲ್ಲಿ ಒದಗಿಸುತ್ತಿರುವ ಪೂರಣ ಮಂಡಲ. ಎರಡನೆಯದು ಅದನ್ನು ಹಿಡಿದಿಡುವ ಧಾರಕ ಅಥವಾ ಪ್ರೇರಕ. ಮೂರನೆಯದು ನಿಗದಿಯಾದ ಕ್ಷಣದಲ್ಲಿ ದಾರಿ ತೆರೆಯುವ ಸ್ವಿಚ್ಚು. ನಾಲ್ಕನೆಯದು ಸ್ಪಂದವನ್ನು ಹೊರೆಗೆ ತಕ್ಕ ವೋಲ್ಟೇಜಿಗೂ ಆಕಾರಕ್ಕೂ ಹೊಂದಿಸುವ ಜಾಲ ಅಥವಾ ಟ್ರಾನ್ಸ್‌ಫಾರ್ಮರ್. ಧಾರಕದಲ್ಲಿ ನಿಂತಿರುವ ಶಕ್ತಿ, ಧಾರಕತೆ ಮತ್ತು ವೋಲ್ಟೇಜಿನ ವರ್ಗ ಇವೆರಡರ ಗುಣಲಬ್ಧದ ಅರ್ಧಕ್ಕೆ ಸಮ. 40 ಮೈಕ್ರೋಫ್ಯಾರಡ್ ಧಾರಕವನ್ನು 500 ವೋಲ್ಟಿಗೆ ಏರಿಸಿದರೆ ಅದರಲ್ಲಿರುವುದು ಸರಿಯಾಗಿ 5 ಜೂಲ್. ಈ ಒಂದು ಲೆಕ್ಕ ಮುಂದಿನ ವಿವೇಚನೆಗೆಲ್ಲ ತಳಹದಿ.

ಸ್ವಿಚ್ಚುಗಳ ವಿಕಾಸ

ಸ್ಪಂದ ತಂತ್ರಜ್ಞಾನದ ಚರಿತ್ರೆ ಬಹುಮಟ್ಟಿಗೆ ಸ್ವಿಚ್ಚುಗಳ ಚರಿತ್ರೆಯೇ ಆಗಿದೆ. ಜರ್ಮನಿಯ ಎರ್ವಿನ್ ಮಾರ್ಕ್ಸ್ 1920ರ ದಶಕದ ಮೊದಲ ಭಾಗದಲ್ಲಿ ರೂಪಿಸಿದ ಜನಕದಲ್ಲಿ ಅನೇಕ ಧಾರಕಗಳು ಸಮಾಂತರವಾಗಿ ತುಂಬಿಕೊಂಡು, ಕಿಡಿಯಂತರಗಳು ಸಿಡಿದ ಕ್ಷಣದಲ್ಲಿ ಸರಣಿಯಾಗಿ ಜೋಡಣೆಗೊಳ್ಳುತ್ತವೆ. ಹತ್ತು ಧಾರಕಗಳಿದ್ದರೆ ಹೊರಬರುವ ವೋಲ್ಟೇಜು ಸುಮಾರು ಹತ್ತು ಪಟ್ಟು. ಸಿಡಿಲಿನ ಹೊಡೆತವನ್ನು ಕೃತಕವಾಗಿ ಉಂಟುಮಾಡಿ ಟ್ರಾನ್ಸ್‌ಫಾರ್ಮರುಗಳನ್ನೂ ಪಿಂಗಾಣಿ ನಿರೋಧಕಗಳನ್ನೂ ಪರೀಕ್ಷಿಸಲು ಇಂದಿಗೂ ಇದೇ ವಿಧಾನ ಬಳಕೆಯಲ್ಲಿದೆ. 1.2 ಮೈಕ್ರೋಸೆಕೆಂಡಿನಲ್ಲಿ ಏರಿ 50 ಮೈಕ್ರೋಸೆಕೆಂಡಿನಲ್ಲಿ ಅರ್ಧಕ್ಕಿಳಿಯುವ ಸ್ಪಂದವೇ ಆ ಪರೀಕ್ಷೆಯ ಪ್ರಮಾಣರೂಪ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ರೇಡಾರ್ ಸ್ಪಂದಗಳಿಗೆ ಹೊಸ ಅಗತ್ಯವನ್ನು ತಂದಿತು. ಮ್ಯಾಗ್ನೆಟ್ರಾನ್ ಕೊಳವೆಗೆ ಮೈಕ್ರೋಸೆಕೆಂಡಿನಷ್ಟು ಕಿರಿದಾದ, ನೆತ್ತಿ ಸಮತಟ್ಟಾದ ಸ್ಪಂದಗಳು ಸೆಕೆಂಡಿಗೆ ನೂರಾರು ಬಾರಿ ಬೇಕಾದವು. ಪ್ರೇರಕ ಮತ್ತು ಧಾರಕಗಳ ಏಣಿಯಂಥ ಜಾಲ ಸ್ಪಂದಕ್ಕೆ ಆಕಾರ ಕೊಟ್ಟಿತು. ಹೈಡ್ರೋಜನ್ ಅನಿಲ ತುಂಬಿದ ಥೈರಾಟ್ರಾನ್ ಕೊಳವೆ ಸ್ವಿಚ್ಚಾಯಿತು. 1957ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ರೂಪುಗೊಂಡ ನಾಲ್ಕು ಪದರಗಳ ಸಿಲಿಕಾನ್ ಸ್ವಿಚ್ಚು, ಅಂದರೆ ಎಸ್‌ಸಿಆರ್ ಎಂಬ ಥೈರಿಸ್ಟರ್, ಇದೇ ಕೆಲಸವನ್ನು ಬಿಸಿತಂತಿಯಿಲ್ಲದೆ, ಗಾಜಿನ ಕೊಳವೆಯಿಲ್ಲದೆ ಮಾಡತೊಡಗಿತು.

ಥೈರಿಸ್ಟರಿಗೆ ಒಂದು ವಿಶೇಷ ಗುಣವಿದೆ. ದ್ವಾರಕ್ಕೆ ಸಣ್ಣ ಸಂಕೇತ ಕೊಟ್ಟೊಡನೆ ಅದು ತೆರೆದುಕೊಳ್ಳುತ್ತದೆ. ಆಮೇಲೆ ದ್ವಾರದ ಮಾತನ್ನು ಕೇಳುವುದಿಲ್ಲ. ಪ್ರವಾಹ ತಾನಾಗಿಯೇ ಒಂದು ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿದಾಗ ಮಾತ್ರ ಮುಚ್ಚಿಕೊಳ್ಳುತ್ತದೆ. ನಡುವೆಯೇ ಪ್ರವಾಹವನ್ನು ಕತ್ತರಿಸಬೇಕಾದ ಕಡೆಗಳಲ್ಲಿ ಇದು ಕೊರತೆ. 1980ರ ದಶಕದಲ್ಲಿ ಬಳಕೆಗೆ ಬಂದ ಐಜಿಬಿಟಿ ಈ ಕೊರತೆಯನ್ನು ನೀಗಿಸಿತು. ಅದನ್ನು ಬೆಳೆಸಿದ ಬಿ. ಜಯಂತ್ ಬಾಲಿಗ ಅವರು ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದವರು; ಈ ಕಾರ್ಯಕ್ಕಾಗಿ 2024ರ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿಗೆ ಪಾತ್ರರಾದರು. ಹೃದಯದ ಅಸ್ತವ್ಯಸ್ತ ಕಂಪನವನ್ನು ನಿಲ್ಲಿಸುವ ಡಿಫಿಬ್ರಿಲೇಟರ್ ಉಪಕರಣದಲ್ಲಿ ಸುಮಾರು 120ರಿಂದ 200 ಜೂಲಿನ ಸ್ಪಂದವನ್ನು ಮಧ್ಯದಲ್ಲಿ ಕತ್ತರಿಸಿ, ದಿಕ್ಕು ಬದಲಿಸಿ ಮತ್ತೆ ಹರಿಸುವುದು ಇಂಥ ಸ್ವಿಚ್ಚುಗಳಿಂದ ಸುಲಭವಾಯಿತು.

ಹೀಗಿದ್ದೂ ಬೇಲಿಯ ಪೆಟ್ಟಿಗೆಯಲ್ಲಿ ಹಳೆಯ ಥೈರಿಸ್ಟರೇ ಉಳಿದುಕೊಂಡಿದೆ. ಇದಕ್ಕೆ ಬೆಲೆಯೊಂದೇ ಕಾರಣವಲ್ಲ. ಅದರ ಕೊರತೆಯೇ ಇಲ್ಲಿ ಹೇಗೆ ಗುಣವಾಗುತ್ತದೆ ಎಂಬುದನ್ನು ಮುಂದೆ ನೋಡಬಹುದು.

ದೇಹದ ಮೇಲೆ ವಿದ್ಯುತ್ತಿನ ಪರಿಣಾಮ

ಮಂಡಲಕ್ಕೆ ಮಿತಿ ಹಾಕುವ ಮುನ್ನ ದೇಹದ ಮಿತಿಯನ್ನು ತಿಳಿಯಬೇಕು. ಈ ವಿಷಯದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜಿಯಲ್ ಅವರ ಅಧ್ಯಯನಗಳು ಅಡಿಗಲ್ಲಾಗಿವೆ. ಮುಖ್ಯವಿದ್ಯುತ್ತಿನ ಪ್ರವಾಹ ಕೈಯ ಮೂಲಕ ಹರಿದಾಗ ಸ್ನಾಯುಗಳು ಬಿಗಿದುಕೊಂಡು, ಹಿಡಿದ ತಂತಿಯನ್ನು ಬಿಡಲಾಗದ ಸ್ಥಿತಿ ಒದಗುತ್ತದೆ. ಗಂಡಸರಲ್ಲಿ ಈ ಮಟ್ಟ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಲ್ಲಿ ಸುಮಾರು 10.5 ಮಿಲಿಆಂಪಿಯರ್ ಎಂದು ಅವರು ಕಂಡುಕೊಂಡರು. ಪ್ರವಾಹ ಇನ್ನೂ ಹೆಚ್ಚಿದರೆ ಹೃತ್ಕುಕ್ಷಿಗಳು ಲಯ ತಪ್ಪಿ ಕಂಪಿಸತೊಡಗುತ್ತವೆ. ರಕ್ತದ ಹರಿವು ನಿಂತು ಕೆಲವೇ ನಿಮಿಷಗಳಲ್ಲಿ ಸಾವು ಸಂಭವಿಸುತ್ತದೆ.

ಈ ಕಂಪನ ಯಾವಾಗ ಉಂಟಾಗುತ್ತದೆ ಎಂಬುದು ಪ್ರವಾಹವನ್ನು ಮಾತ್ರವಲ್ಲ, ಅದು ಹರಿದ ಅವಧಿಯನ್ನೂ ಅವಲಂಬಿಸಿದೆ. ಡಾಲ್ಜಿಯಲ್ ಅವರ ಸೂತ್ರದಂತೆ 50 ಕಿಲೋಗ್ರಾಂ ತೂಕದ ವ್ಯಕ್ತಿ ತಾಳಬಲ್ಲ ಪ್ರವಾಹ, 116 ಎಂಬ ಸಂಖ್ಯೆಯನ್ನು ಸೆಕೆಂಡುಗಳಲ್ಲಿನ ಅವಧಿಯ ವರ್ಗಮೂಲದಿಂದ ಭಾಗಿಸಿದಾಗ ಬರುವಷ್ಟು ಮಿಲಿಆಂಪಿಯರ್. 230 ವೋಲ್ಟಿನ ತಂತಿಯನ್ನು ಮುಟ್ಟಿದವನ ದೇಹದ ರೋಧ 1,000 ಓಮ್ ಎಂದು ಭಾವಿಸಿದರೆ ಹರಿಯುವ ಪ್ರವಾಹ 230 ಮಿಲಿಆಂಪಿಯರ್. ಸೂತ್ರದಂತೆ ಇದನ್ನು ತಾಳಬಲ್ಲ ಅವಧಿ ಕೇವಲ ಕಾಲು ಸೆಕೆಂಡು. ಆದರೆ ಕೈ ಬಿಗಿದುಕೊಂಡಿರುವುದರಿಂದ ಕಾಲು ಸೆಕೆಂಡಿನಲ್ಲಿ ಬಿಡಿಸಿಕೊಳ್ಳಲು ಸಾಧ್ಯವಿಲ್ಲ. ಹೃದಯದ ಒಂದು ಬಡಿತಕ್ಕೆ ಬೇಕಾಗುವ ಕಾಲ ಸುಮಾರು ಮುಕ್ಕಾಲು ಸೆಕೆಂಡು. ಆ ಆವರ್ತದಲ್ಲಿ ಹೃದಯ ಅತ್ಯಂತ ದುರ್ಬಲವಾಗಿರುವ ಸಣ್ಣ ಕಾಲಖಂಡವೊಂದಿದೆ. ನಿರಂತರ ಪ್ರವಾಹ ಅದನ್ನು ತಪ್ಪಿಸಿ ಹೋಗುವುದಿಲ್ಲ.

ಫ್ಯೂಸು ಕಾಪಾಡೀತು ಎಂಬ ನಂಬಿಕೆಯೂ ಇಲ್ಲಿ ಹುಸಿಯಾಗುತ್ತದೆ. ಐದು ಆಂಪಿಯರಿನ ಫ್ಯೂಸಿಗೆ 230 ಮಿಲಿಆಂಪಿಯರ್ ಲೆಕ್ಕಕ್ಕೇ ಬಾರದ ಪ್ರವಾಹ. ಮನುಷ್ಯ ಸತ್ತರೂ ಅದು ಕರಗುವುದಿಲ್ಲ. ಭೂಮಿಗೆ 30 ಮಿಲಿಆಂಪಿಯರ್ ಸೋರಿದೊಡನೆ ಮಂಡಲವನ್ನು ಕಡಿಯುವ ರಕ್ಷಕ ಸಾಧನಗಳಿವೆ. ಆದರೆ ರಾತ್ರಿಯ ಹೊತ್ತು ಪಂಪಿನ ಲೈನಿನಿಂದ ಎಳೆದ ತಂತಿಯಲ್ಲಿ ಅಂಥ ಸಾಧನವನ್ನು ನಿರೀಕ್ಷಿಸುವಂತಿಲ್ಲ.

ಬೇಲಿಯ ಸ್ಪಂದಕ್ಕೆ ಹಾಕಿರುವ ಮಿತಿ

ಪ್ರಾಣಿಗಳನ್ನು ತಡೆಯುವ ವಿದ್ಯುತ್ ಬೇಲಿಯ ಉಪಕರಣಗಳಿಗೆ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು ಪ್ರತ್ಯೇಕ ಮಾನಕವನ್ನು ರೂಪಿಸಿದೆ. ಅದರ ಮುಖ್ಯ ಮಿತಿಗಳು ಮೂರು. 500 ಓಮ್ ಪ್ರಮಾಣಹೊರೆಗೆ ಒಂದು ಸ್ಪಂದ ನೀಡುವ ಶಕ್ತಿ 5 ಜೂಲನ್ನು ಮೀರಬಾರದು. ಸ್ಪಂದದ ಅವಧಿ ಸೆಕೆಂಡಿನ ನೂರನೆಯ ಒಂದು ಭಾಗವನ್ನು ಮೀರಬಾರದು. ಎರಡು ಸ್ಪಂದಗಳ ನಡುವಿನ ಬಿಡುವು ಒಂದು ಸೆಕೆಂಡಿಗಿಂತ ಕಡಿಮೆಯಾಗಬಾರದು. ಇವಲ್ಲದೆ ಅವಧಿಗೆ ತಕ್ಕಂತೆ ಪ್ರವಾಹಕ್ಕೂ ಮೇಲ್ಮಿತಿಯಿದೆ.

ಮೂರಕ್ಕೂ ದೇಹದಲ್ಲೇ ಕಾರಣಗಳಿವೆ. ಅವಧಿ ಕಿರಿದಾದರೆ ಹೃದಯದ ದುರ್ಬಲ ಕ್ಷಣಕ್ಕೆ ಸ್ಪಂದ ತಾಗುವ ಸಂಭವ ಕಡಿಮೆ. ತಾಗಿದರೂ ಕಂಪನವನ್ನು ಹುಟ್ಟಿಸಲು ಬೇಕಾದ ವಿದ್ಯುದಂಶ ಅದರಲ್ಲಿರುವುದಿಲ್ಲ. ಬಿಡುವು ಇರುವುದರಿಂದ ಬಿಗಿದ ಸ್ನಾಯು ಸಡಿಲಗೊಂಡು, ಮನುಷ್ಯನಾಗಲಿ ಪ್ರಾಣಿಯಾಗಲಿ ತಂತಿಯಿಂದ ದೂರ ಸರಿಯಬಲ್ಲದು. ಶಕ್ತಿಯ ಮಿತಿಯನ್ನು ಡಾಲ್ಜಿಯಲ್ ಸೂತ್ರದೊಡನೆ ಹೋಲಿಸಿ ನೋಡಬಹುದು. ಸೂತ್ರದಲ್ಲಿ ಪ್ರವಾಹದ ವರ್ಗವನ್ನು ಅವಧಿಯಿಂದ ಗುಣಿಸಿದರೆ ಆಂಪಿಯರ್ ಮತ್ತು ಸೆಕೆಂಡಿನ ಮಾನದಲ್ಲಿ 0.0135 ಬರುತ್ತದೆ. 5 ಜೂಲನ್ನು 500 ಓಮಿನಿಂದ ಭಾಗಿಸಿದರೆ ಅದೇ ಮಾನದಲ್ಲಿ ಬರುವುದು 0.01. ಡಾಲ್ಜಿಯಲ್ ಸೂತ್ರ ಸುಮಾರು 8 ಮಿಲಿಸೆಕೆಂಡಿನಿಂದ 5 ಸೆಕೆಂಡಿನವರೆಗಿನ ಆಘಾತಗಳಿಗೆ ಅನ್ವಯಿಸುವಂಥದು; ಅದಕ್ಕಿಂತ ಬಹಳ ಕಿರಿದಾದ ಸ್ಪಂದಗಳಿಗೆ ಬೇರೆ ಅಳತೆಗೋಲುಗಳಿವೆ. ಆದ್ದರಿಂದ ಈ ಹೋಲಿಕೆಯನ್ನು ಮಾನಕದ ವ್ಯುತ್ಪತ್ತಿಯೆಂದು ತಿಳಿಯಬಾರದು. ಆದರೂ 5 ಜೂಲ್ ಎಂಬುದು ಧಾರಾಳವಾಗಿ ಮೀರಬಹುದಾದ ಸಂಖ್ಯೆಯಲ್ಲ ಎಂಬುದು ಇದರಿಂದ ಮನದಟ್ಟಾಗುತ್ತದೆ.

ಮಂಡಲದ ರಚನೆ

ಮೊದಲ ಕಾಲದ ಬೇಲಿ ಉಪಕರಣಗಳಲ್ಲಿ ಪ್ರೇರಣಾ ಸುರುಳಿಯೊಂದಕ್ಕೆ ಯಾಂತ್ರಿಕ ಸಂಪರ್ಕಗಳು ವಿದ್ಯುತ್ತನ್ನು ಕೊಟ್ಟು ಕಡಿಯುತ್ತಿದ್ದವು. ಸಂಪರ್ಕ ಅಂಟಿಕೊಂಡರೆ ಮಿತಿ ತಪ್ಪುತ್ತಿತ್ತು. ಹುಲ್ಲು ತಾಗಿದರೆ ಸ್ಪಂದ ಕುಸಿಯುತ್ತಿತ್ತು. 1960ರ ದಶಕದ ಆರಂಭದಲ್ಲಿ ನ್ಯೂಜಿಲೆಂಡಿನಲ್ಲಿ ಧಾರಕ ವಿಸರ್ಜನೆಯ ವಿಧಾನ ಬೇಲಿಗೆ ಬಂದಿತು. ಇಂದಿನ ಬಹುತೇಕ ಉಪಕರಣಗಳು ಅದೇ ಮಾರ್ಗದಲ್ಲಿವೆ. ಮಾದರಿಗಾಗಿ 5 ಜೂಲಿನ ಮಂಡಲವೊಂದನ್ನು ಅಂಗಾಂಗವಾಗಿ ಪರಿಶೀಲಿಸೋಣ.

ಪೂರಣ ಮಂಡಲ: ಸೌರ ಫಲಕ 12 ವೋಲ್ಟಿನ ಬ್ಯಾಟರಿಯನ್ನು ತುಂಬಿಸುತ್ತದೆ. ಟ್ರಾನ್ಸಿಸ್ಟರಿನ ಆಂದೋಲಕ ಮತ್ತು ಫೆರೈಟ್ ತಿರುಳಿನ ಸಣ್ಣ ಟ್ರಾನ್ಸ್‌ಫಾರ್ಮರ್ ಈ 12 ವೋಲ್ಟನ್ನು 500 ವೋಲ್ಟಿಗೆ ಏರಿಸಿ ಡಯೋಡಿನ ಮೂಲಕ ಧಾರಕಕ್ಕೆ ಕೊಡುತ್ತವೆ. ಸೆಕೆಂಡಿಗೆ 5 ಜೂಲ್ ಎಂದರೆ 5 ವ್ಯಾಟ್. ದಕ್ಷತೆ ಶೇಕಡಾ 75 ಎಂದಿಟ್ಟುಕೊಂಡರೆ ಬ್ಯಾಟರಿಯಿಂದ ಸುಮಾರು 0.55 ಆಂಪಿಯರ್, ದಿನವೊಂದಕ್ಕೆ 13 ಆಂಪಿಯರ್-ಗಂಟೆ ಬೇಕಾಗುತ್ತದೆ. ಪೂರಣ ಮಂಡಲದ ಸಾಮರ್ಥ್ಯ ಇಷ್ಟು ಸಣ್ಣದಾಗಿರುವುದೇ ಸುರಕ್ಷತೆಯ ಮೊದಲ ಕಾವಲು. ಸ್ಪಂದ ಹರಿಯುವ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಲ್ಲಿ ಅದು ಸೇರಿಸಬಲ್ಲ ಶಕ್ತಿ ಒಂದು ಮಿಲಿಜೂಲಿಗಿಂತ ಕಡಿಮೆ.

ಸಂಗ್ರಾಹಕ ಧಾರಕ: 40 ಮೈಕ್ರೋಫ್ಯಾರಡ್, 500 ವೋಲ್ಟ್. ಕ್ಷಣಮಾತ್ರದಲ್ಲಿ ನೂರಾರು ಆಂಪಿಯರ್ ಹರಿಸಬೇಕಾದ್ದರಿಂದ ಸಾಮಾನ್ಯ ಎಲೆಕ್ಟ್ರೋಲಿಟಿಕ್ ಧಾರಕಗಳ ಬದಲು ಪಾಲಿಪ್ರೊಪಿಲೀನ್ ಹಾಳೆಯ ಧಾರಕವನ್ನು ಬಳಸುವುದು ಯುಕ್ತ. ಇದರಲ್ಲಿ 5 ಜೂಲಿಗಿಂತ ಹೆಚ್ಚು ಇಲ್ಲವಾದ ಕಾರಣ ಬೇಲಿಗೆ ಏನೇ ತಾಗಿದರೂ, ಎಷ್ಟೇ ಕಡಿಮೆ ರೋಧದ ಹೊರೆ ಬಂದರೂ, ಒಂದು ಸ್ಪಂದದಲ್ಲಿ ಅದಕ್ಕಿಂತ ಹೆಚ್ಚು ಹೊರಹೋಗಲಾರದು. ಮಿತಿಯನ್ನು ಇಲ್ಲಿ ಕಾಯುವುದು ಗಣಕದ ಆದೇಶವಲ್ಲ, ಎಚ್ಚರಿಕೆಯ ಫಲಕವಲ್ಲ. ಧಾರಕದ ಅಳತೆಯೇ ಮಿತಿ.

ಸ್ವಿಚ್ಚು: ಕಾಲಮಾಪಕ ಮಂಡಲ ಒಂದು ಸೆಕೆಂಡಿಗಿಂತ ತುಸು ಹೆಚ್ಚಿನ ಅಂತರದಲ್ಲಿ ಥೈರಿಸ್ಟರಿನ ದ್ವಾರಕ್ಕೆ ಸಂಕೇತ ಕೊಡುತ್ತದೆ. ತೆರೆದ ಥೈರಿಸ್ಟರ್ ಧಾರಕ ಬರಿದಾಗುವವರೆಗೆ ಮುಚ್ಚಿಕೊಳ್ಳುವುದಿಲ್ಲ. ಬರಿದಾದೊಡನೆ ತಾನೇ ಮುಚ್ಚಿಕೊಳ್ಳುತ್ತದೆ. ನಡುವೆ ಕತ್ತರಿಸಲಾರದ ಈ ಗುಣ ಇಲ್ಲಿ ತೊಡಕಲ್ಲ, ಏಕೆಂದರೆ ಹರಿಯಬೇಕಾದ ಶಕ್ತಿ ಮೊದಲೇ ಅಳೆದಿಟ್ಟದ್ದು. ಆದರೆ ವಿನ್ಯಾಸಕಾರ ಎರಡು ಸಂಗತಿಗಳನ್ನು ಗಮನಿಸಬೇಕು. ಪೂರಣ ಪ್ರವಾಹ ಸರಾಸರಿ 20 ಮಿಲಿಆಂಪಿಯರ್. ಥೈರಿಸ್ಟರನ್ನು ತೆರೆದಿಡಲು ಬೇಕಾದ ಕನಿಷ್ಠ ಪ್ರವಾಹ ಇದಕ್ಕಿಂತ ಹೆಚ್ಚಿರಬೇಕು, ಇಲ್ಲವೇ ಸ್ಪಂದದ ವೇಳೆ ಪೂರಣ ಮಂಡಲ ಕ್ಷಣಕಾಲ ನಿಲ್ಲಬೇಕು. ಹಾಗಿಲ್ಲದಿದ್ದರೆ ಸ್ವಿಚ್ಚು ಮುಚ್ಚದೆ ಬೇಲಿ ಸುಮ್ಮನಾಗುತ್ತದೆ. ಎರಡನೆಯದಾಗಿ, ಥೈರಿಸ್ಟರ್ ದ್ವಾರದ ಸಮೀಪದಲ್ಲಿ ಮೊದಲು ತೆರೆದುಕೊಂಡು ಉಳಿದ ಭಾಗಕ್ಕೆ ಕ್ರಮೇಣ ಹರಡುತ್ತದೆ. ಪ್ರವಾಹ ಅತಿ ವೇಗವಾಗಿ ಏರಿದರೆ ಆ ಒಂದು ಚುಕ್ಕೆ ಸುಟ್ಟುಹೋಗುತ್ತದೆ. ಟ್ರಾನ್ಸ್‌ಫಾರ್ಮರಿನ ಸೋರಿಕೆ ಪ್ರೇರಕತೆ ಈ ಏರಿಕೆಯನ್ನು ತಡೆದು ಸ್ವಿಚ್ಚನ್ನು ಉಳಿಸುತ್ತದೆ.

ಹೊರಟ್ರಾನ್ಸ್‌ಫಾರ್ಮರ್: ಇದರ ಸುತ್ತುಗಳ ಅನುಪಾತ ಒಂದಕ್ಕೆ 14 ಎಂದಿರಲಿ. ನಷ್ಟಗಳನ್ನು ಬದಿಗಿಟ್ಟರೆ 500 ವೋಲ್ಟ್ 7,000 ವೋಲ್ಟಾಗುತ್ತದೆ. ಬೇಲಿಯ ಕಡೆಯ 500 ಓಮ್ ಹೊರೆ ಧಾರಕದ ಕಡೆಗೆ 14ರ ವರ್ಗವಾದ 196ರಿಂದ ಭಾಗಿಸಿ 2.55 ಓಮ್ ಆಗಿ ಕಾಣುತ್ತದೆ. ಆದ್ದರಿಂದ ಸ್ಪಂದದ ಶಿಖರದಲ್ಲಿ ಥೈರಿಸ್ಟರಿನ ಮೂಲಕ ಸುಮಾರು 196 ಆಂಪಿಯರ್, ಹೊರೆಯ ಮೂಲಕ 14 ಆಂಪಿಯರ್ ಹರಿಯುತ್ತದೆ. 2.55 ಓಮ್ ಮತ್ತು 40 ಮೈಕ್ರೋಫ್ಯಾರಡ್‌ಗಳ ಗುಣಲಬ್ಧ 102 ಮೈಕ್ರೋಸೆಕೆಂಡು. ಸ್ಪಂದ ಇಳಿಯುವ ಕಾಲಮಾನ ಇದೇ. ಅಂದರೆ ಧಾರಕತೆ, ವೋಲ್ಟೇಜು, ಸುತ್ತುಗಳ ಅನುಪಾತ ಈ ಮೂರನ್ನು ಆರಿಸಿಕೊಂಡ ಕೂಡಲೇ ಸ್ಪಂದದ ಶಕ್ತಿ, ಎತ್ತರ, ಅವಧಿಗಳು ತಾವಾಗಿ ನಿರ್ಧಾರವಾಗುತ್ತವೆ. ಮಂಡಲದಲ್ಲಿ ಪ್ರೇರಕತೆಯೂ ಇರುವುದರಿಂದ ಪ್ರವಾಹ ಹಿಮ್ಮುಖವಾಗಿ ತೂಗಾಡಬಹುದು. ಅದನ್ನು ತಡೆಯಲು ಧಾರಕಕ್ಕೆ ಅಡ್ಡಲಾಗಿ ಡಯೋಡನ್ನು ಇಡುತ್ತಾರೆ.

ತಂತಿ, ಮಣ್ಣು ಮತ್ತು ಹುಲ್ಲು

ಪೆಟ್ಟಿಗೆಯಿಂದ ಹೊರಬಿದ್ದ ಸ್ಪಂದ ಬೇಲಿಯ ಕೊನೆಯವರೆಗೆ ಅದೇ ಎತ್ತರದಲ್ಲಿ ತಲಪುವುದಿಲ್ಲ. ನೆಲದಿಂದ ಒಂದು ಮೀಟರ್ ಮೇಲಿರುವ 2.5 ಮಿಲಿಮೀಟರ್ ದಪ್ಪದ ತಂತಿಗೂ ಭೂಮಿಗೂ ನಡುವೆ ಕಿಲೋಮೀಟರಿಗೆ 7ರಿಂದ 8 ನ್ಯಾನೋಫ್ಯಾರಡ್ ಧಾರಕತೆ ಇರುತ್ತದೆಂದು ಲೆಕ್ಕ ಹಾಕಬಹುದು. ಹತ್ತು ಕಿಲೋಮೀಟರ್ ತಂತಿಯನ್ನು 7,000 ವೋಲ್ಟಿಗೆ ಏರಿಸಲು ಸುಮಾರು 1.8 ಜೂಲ್ ಬೇಕು. 5 ಜೂಲಿನಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತಂತಿಯನ್ನು ತುಂಬಲಿಕ್ಕೇ ಖರ್ಚಾಗುತ್ತದೆ. ಮಳೆಗಾಲದಲ್ಲಿ ಬೆಳೆದ ಹಸಿ ಹುಲ್ಲು, ತಂತಿಗೆ ಒರಗಿದ ಬಳ್ಳಿ ಉಳಿದುದನ್ನು ಸೋರಿಸುತ್ತವೆ. ಹೊರೆಯ ರೋಧ 500ರಿಂದ 100 ಓಮಿಗೆ ಇಳಿದರೆ ಧಾರಕದ ಕಡೆಗೆ ಕಾಣುವುದು ಅರ್ಧ ಓಮ್ ಮಾತ್ರ. ಆಗ ಸುರುಳಿಗಳ ಸ್ವಂತ ರೋಧವೇ ಶಕ್ತಿಯ ದೊಡ್ಡ ಪಾಲನ್ನು ನುಂಗುತ್ತದೆ.

ಮರಳುವ ದಾರಿಯೂ ಅಷ್ಟೇ ಮುಖ್ಯ. ಸ್ಪಂದ ಪ್ರಾಣಿಯ ದೇಹದ ಮೂಲಕ ಮಣ್ಣಿಗಿಳಿದು, ಮಣ್ಣಿನಲ್ಲಿ ಹುಗಿದ ಲೋಹದ ಸರಳುಗಳ ಮೂಲಕ ಪೆಟ್ಟಿಗೆಗೆ ಮರಳಬೇಕು. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಈ ದಾರಿ ಕಡಿದಂತಾಗುತ್ತದೆ. ಆದ್ದರಿಂದ ಒಣ ಪ್ರದೇಶಗಳಲ್ಲಿ ಬೇಲಿಯ ಎಳೆಗಳಲ್ಲಿ ಒಂದನ್ನು ಬಿಟ್ಟು ಒಂದನ್ನು ಭೂಸಂಪರ್ಕಕ್ಕೆ ಜೋಡಿಸುವುದುಂಟು. ಬೇಲಿಯ ಭೂಸಂಪರ್ಕ ಬೇರಾವುದೇ ಭೂಸಂಪರ್ಕ ವ್ಯವಸ್ಥೆಯಿಂದ ಕನಿಷ್ಠ 10 ಮೀಟರ್ ದೂರವಿರಬೇಕೆಂಬ ನಿಯಮಕ್ಕೂ ಕಾರಣವಿದೆ. ಇಲ್ಲದಿದ್ದರೆ ಬೇಲಿಯ ಸ್ಪಂದ ಮನೆಯ ಉಪಕರಣಗಳ ಕವಚದಲ್ಲಿ, ಮನೆಯ ದೋಷ ಬೇಲಿಯಲ್ಲಿ ಕಾಣಿಸಿಕೊಳ್ಳಬಹುದು.

ಬೇಲಿ ಸೋತಾಗ ರೈತನಿಗೆ ಬರುವ ಆಲೋಚನೆ, ಪೆಟ್ಟು ಸಾಲದು ಎಂಬುದು. ಆನೆಯೂ ಕಲಿಯುತ್ತದೆ: ವಿದ್ಯುತ್ ಹರಿಯದ ದಂತದಿಂದ ತಂತಿಯನ್ನು ಕೀಳುತ್ತದೆ, ಕಂಬವನ್ನು ಬೀಳಿಸುತ್ತದೆ, ಮರವನ್ನು ತಂತಿಯ ಮೇಲೆ ಕೆಡವುತ್ತದೆ. ಒಂದೇ ರಾತ್ರಿಯಲ್ಲಿ ವರ್ಷದ ಬೆಳೆ ಹೋದವನ ಸಂಕಟವನ್ನು ಅಲ್ಲಗಳೆಯುವಂತಿಲ್ಲ. ಆದರೆ ಮೇಲಿನ ಲೆಕ್ಕಗಳು ತೋರಿಸುವಂತೆ, ಸೋತ ಬೇಲಿಯಲ್ಲಿ ಕೊರತೆ ಸಾಮಾನ್ಯವಾಗಿ ಪೆಟ್ಟಿಗೆಯ ಜೂಲ್‌ಗಳದಲ್ಲ. ಹುಲ್ಲು, ಮಣ್ಣು, ಸಡಿಲ ಗಂಟು, ದುರ್ಬಲ ಬ್ಯಾಟರಿ ಇವುಗಳದು. ಅದಕ್ಕೆ ಪರಿಹಾರ ಕಳೆ ಕೀಳುವುದು, ಸರಳುಗಳನ್ನು ಹೆಚ್ಚಿಸುವುದು, ತಂತಿಯ ಕೊನೆಯಲ್ಲಿ ವೋಲ್ಟೇಜನ್ನು ಅಳೆಯುವುದು. ಅದನ್ನು ಬಿಟ್ಟು ತಂತಿಗೆ ಲೈನಿನ ವಿದ್ಯುತ್ ಜೋಡಿಸುವುದು 2003ರ ವಿದ್ಯುತ್ ಕಾಯ್ದೆ ಮತ್ತು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗಳಡಿ ಅಪರಾಧಕ್ಕೆ ದಾರಿಯಾಗುವುದು ಮಾತ್ರವಲ್ಲ, ಸ್ಪಂದ ಮಂಡಲ ಕಾಯುತ್ತಿದ್ದ ಮೂರು ಮಿತಿಗಳನ್ನೂ ಒಂದೇ ಏಟಿಗೆ ಕಿತ್ತೊಗೆಯುವ ಕೆಲಸ.

ದೋಷಗಳು ಮತ್ತು ನಿಯಂತ್ರಣ

ಸ್ಪಂದ ಮಂಡಲವೊಂದನ್ನು ಅಳೆಯಬೇಕಾದದ್ದು ಅದು ಸರಿಯಾಗಿದ್ದಾಗ ಏನು ಮಾಡುತ್ತದೆ ಎಂಬುದರಿಂದಷ್ಟೇ ಅಲ್ಲ, ಕೆಟ್ಟಾಗ ಏನು ಮಾಡುತ್ತದೆ ಎಂಬುದರಿಂದಲೂ. ಥೈರಿಸ್ಟರ್ ಸುಟ್ಟು ಸದಾ ತೆರೆದುಕೊಂಡಿತೆನ್ನೋಣ. ಧಾರಕ ತುಂಬುವುದೇ ಇಲ್ಲ, ಪೂರಣ ಮಂಡಲದ ಏಕಮುಖ ಪ್ರವಾಹ ಟ್ರಾನ್ಸ್‌ಫಾರ್ಮರನ್ನು ದಾಟುವುದಿಲ್ಲ, ಬೇಲಿ ನಿಶ್ಶಕ್ತವಾಗುತ್ತದೆ. ಧಾರಕ ಕೆಟ್ಟರೂ ಹಾಗೆಯೇ. ಕಾಲಮಾಪಕ ಕೆಟ್ಟು ಹತ್ತು ಪಟ್ಟು ವೇಗವಾಗಿ ಮಿಡಿಯತೊಡಗಿದರೆ, ಪೂರಣ ಸಾಮರ್ಥ್ಯ ಸೀಮಿತವಾದ್ದರಿಂದ ಪ್ರತಿ ಸ್ಪಂದಕ್ಕೂ ಸಿಗುವುದು ಅರ್ಧ ಜೂಲ್ ಮಾತ್ರ. ಆದರೆ ಇಲ್ಲಿ ಬಿಡುವಿನ ಮಿತಿ ಮುರಿದಿರುತ್ತದೆ. ಸಿಕ್ಕಿಕೊಂಡವನಿಗೆ ಬಿಡಿಸಿಕೊಳ್ಳಲು ಸಮಯ ಸಾಲದು. ಆದ್ದರಿಂದ ವೇಗವನ್ನು ಪ್ರತ್ಯೇಕವಾಗಿ ಗಮನಿಸಿ ಉಪಕರಣವನ್ನು ನಿಲ್ಲಿಸುವ ಎರಡನೆಯ ಕಾವಲು ಅವಶ್ಯ. ಒಂದೇ ಬೇಲಿಗೆ ಎರಡು ಪೆಟ್ಟಿಗೆಗಳನ್ನು ಜೋಡಿಸಬಾರದೆಂಬ ನಿಯಮದ ಹಿಂದಿರುವುದೂ ಇದೇ ತರ್ಕ: ಎರಡರ ಮಿಡಿತಗಳು ಒಂದಕ್ಕೊಂದು ಹೊಂದದೆ ಬಿಡುವನ್ನು ತಿಂದುಹಾಕುತ್ತವೆ.

ಲೈನಿನ ವಿದ್ಯುತ್ತಿನಿಂದ ನಡೆಯುವ ಉಪಕರಣದಲ್ಲಿ ಇನ್ನೊಂದು ಅಪಾಯವಿದೆ. ಲೈನಿಗೂ ಬೇಲಿಗೂ ನಡುವಿನ ನಿರೋಧನ ಮುರಿದರೆ ಪೆಟ್ಟಿಗೆಯೇ ಅಕ್ರಮ ಜೋಡಣೆಯಂತಾಗುತ್ತದೆ. ಆದಕಾರಣ ಅಲ್ಲಿ ಬಲವಾದ ನಿರೋಧನ, ಪರಸ್ಪರ ಪ್ರತ್ಯೇಕವಾದ ಸುರುಳಿಗಳು ಕಡ್ಡಾಯ. ಸ್ಥಳೀಯವಾಗಿ ದುರಸ್ತಿ ಮಾಡುವವರು ಧಾರಕವನ್ನು ಹೆಚ್ಚಿನದಕ್ಕೆ ಬದಲಿಸುವ, ಕಾಲಮಾಪಕವನ್ನು ತಿದ್ದುವ ಪ್ರಯತ್ನ ಮಾಡಬಾರದು. ಪೆಟ್ಟಿಗೆ ತೆರೆಯುವ ಮುನ್ನ ರೋಧಕದ ಮೂಲಕ ಧಾರಕವನ್ನು ಬರಿದುಮಾಡಬೇಕು. ಸ್ವಿಚ್ಚು ಆರಿಸಿದ ಮೇಲೂ 500 ವೋಲ್ಟ್ ಅದರಲ್ಲಿ ನಿಂತಿರಬಹುದು. ಮುಳ್ಳುತಂತಿಗೆ ಸ್ಪಂದ ಹರಿಸುವುದು ನಿಷಿದ್ಧ. ತಲೆ, ಕುತ್ತಿಗೆ, ಎದೆಗಳಿಗೆ ತಾಗುವ ಸ್ಪಂದ ಮತ್ತು ತಂತಿಯಲ್ಲಿ ಸಿಕ್ಕಿಕೊಂಡು ಮತ್ತೆಮತ್ತೆ ತಾಗುವ ಸ್ಪಂದ ಮಾನಕದ ಮಿತಿಯಲ್ಲಿದ್ದರೂ ಅಪಾಯಕಾರಿಯಾಗಬಹುದು. ಸುರಕ್ಷಿತ ಎಂಬ ಮಾತನ್ನು ಈ ಎಚ್ಚರದೊಡನೆಯೇ ಬಳಸಬೇಕು.

ಉಪಸಂಹಾರ

ಸ್ಪಂದ ಮಂಡಲಗಳ ಬೆಳವಣಿಗೆಯನ್ನು ಸಾಮಾನ್ಯವಾಗಿ ಹೆಚ್ಚು ವೋಲ್ಟೇಜು, ಹೆಚ್ಚು ವೇಗ, ಹೆಚ್ಚು ಸಾಮರ್ಥ್ಯ ಎಂಬ ಏರುಗತಿಯಾಗಿ ಹೇಳುವುದು ವಾಡಿಕೆ. ಬೇಲಿಯ ಸಣ್ಣ ಮಂಡಲ ಇದರ ಇನ್ನೊಂದು ಮುಖವನ್ನು ತೋರಿಸುತ್ತದೆ. ಶಕ್ತಿಯನ್ನು ಕೂಡಿಡುವ ಅಂಗವೇ ಅದರ ಗರಿಷ್ಠ ಮಿತಿಯೂ ಆಗುವಂತೆ, ಸ್ವಿಚ್ಚು ಕೆಟ್ಟರೆ ಸ್ಪಂದವೇ ನಿಲ್ಲುವಂತೆ ರಚಿಸುವುದು ಸಾಧ್ಯವೆಂಬುದನ್ನು ಅದು ಸಾಧಿಸಿ ತೋರಿಸಿದೆ.

ನಮ್ಮಲ್ಲಿ ಮಾರಾಟವಾಗುವ, ದುರಸ್ತಿಗೊಳ್ಳುವ, ಸಹಾಯಧನದಲ್ಲಿ ವಿತರಣೆಯಾಗುವ ಪ್ರತಿಯೊಂದು ಉಪಕರಣದ ಮೇಲೂ 500 ಓಮ್ ಹೊರೆಯಲ್ಲಿನ ಶಕ್ತಿ, ಸ್ಪಂದದ ಅವಧಿ, ಬಿಡುವು ಈ ಮೂರು ಸಂಖ್ಯೆಗಳು ಕನ್ನಡದಲ್ಲಿ ಮುದ್ರಿತವಾಗಿರಬೇಕು. ದುರಸ್ತಿಯ ನಂತರ ಅವುಗಳನ್ನು ಮರಳಿ ಅಳೆಯುವ ಸೌಲಭ್ಯ ಕಾಡಂಚಿನ ತಾಲ್ಲೂಕುಗಳಲ್ಲಿ ಇರಬೇಕು. ಅದಕ್ಕೆ ಬೇಕಾದ ಪ್ರಮಾಣಹೊರೆ ಮತ್ತು ಆಸಿಲೋಸ್ಕೋಪು ನಮ್ಮ ಪಾಲಿಟೆಕ್ನಿಕ್ಕುಗಳಿಗೆ ಎಟುಕದ ಸಾಮಗ್ರಿಗಳಲ್ಲ. ಒಂದು ಸೆಕೆಂಡಿನ ಬಿಡುವಿನಲ್ಲಿ ಆನೆ ಕಾಡಿಗೆ ಮರಳುತ್ತದೆ, ರೈತ ಮನೆಗೆ ಮರಳುತ್ತಾನೆ. ಆ ಬಿಡುವನ್ನು ಕಾಯುವ ಹೊಣೆ ಮಂಡಲವನ್ನು ರಚಿಸುವವರದೂ, ಅದನ್ನು ಪರೀಕ್ಷಿಸುವವರದೂ, ಅದರ ಮರ್ಮವನ್ನು ಜನರಿಗೆ ತಿಳಿಸಬೇಕಾದ ನಮ್ಮೆಲ್ಲರದೂ ಆಗಿದೆ.